ಕನ್ನಡದ ಹಾಳೆ, ಮಲಯಾಳದ ಪರದೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ವಾಚನಾಲಯ ಉಂಟು. ಶಾಲೆಯಿಂದ ನಿವೃತ್ತನಾದ ಮೇಲೆ ಅದರ ಬೀಗದ ಕೈ ನನಗೆ ಬಂತು. ಕಂಪ್ಯೂಟರ್ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಪುಸ್ತಕಗಳ ಪಟ್ಟಿ ಮಾತ್ರ. ಹಳೆ ರಿಜಿಸ್ಟರನ್ನು ಗೆದ್ದಲು ಅರ್ಧ ತಿಂದಿತ್ತು.

ರಜೆಯಲ್ಲಿ ಇಬ್ಬರು ಕಾಲೇಜು ಮಕ್ಕಳು ಕೂತು ಟೈಪ್ ಮಾಡಿದರು. ಮುಗಿದ ದಿನ ‘ಪಂಜೆ’ ಅಂತ ಹುಡುಕಿದೆ. ಒಂದೂ ಸಿಗಲಿಲ್ಲ. ಮಂಗೇಶರಾಯರ ಪುಸ್ತಕ ಕಪಾಟಿನಲ್ಲಿ ಕಣ್ಣೆದುರೇ ಇದೆ! ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಒಬ್ಬ ಹುಡುಗ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತಿದ್ದ. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಸೊನ್ನೆಗಳನ್ನೆಲ್ಲ ಒಂದೇ ಏಟಿಗೆ ಬದಲಿಸಿದೆ. ಆಗ ಇಸವಿಗಳು ಕೆಟ್ಟವು. ೧೯೮೦ರ ಕೊನೆಗೂ ಅನುಸ್ವಾರ ಬಂದು ಕೂತಿತು!

ಅಂತೂ ಪಟ್ಟಿ ಆಯಿತು. ಅದನ್ನು ನೋಡಲು ಯಾರೂ ಬರಲಿಲ್ಲ. ಬಂದವರೆಲ್ಲ ಅರ್ಜಿಯ ಕೆಲಸಕ್ಕೆ ಬಂದರು. ವರಮಾನದ ಸರ್ಟಿಫಿಕೇಟ್, ಮಕ್ಕಳ ಸ್ಕಾಲರ್‌ಶಿಪ್, ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಬೇಕಾದ ಪಿಎಸ್‌ಸಿಯ ‘ತುಳಸಿ’ ಪ್ರೊಫೈಲ್. ಇಂಥ ಆನ್‌ಲೈನ್ ಅರ್ಜಿ ತುಂಬಿಕೊಡಲು 2002ರಲ್ಲಿ ಮಲಪ್ಪುರಂನಲ್ಲಿ ಶುರುವಾದ ಅಕ್ಷಯ ಕೇಂದ್ರ ಈಗ ನಮ್ಮ ಕಡೆಯೂ ಇದೆ. ಆದರೆ ಕ್ಯೂ ಜಾಸ್ತಿ, ಮಲಯಾಳ ಓದಲು ಬಾರದ ಹಿರಿಯರಿಗೆ ಅಲ್ಲಿ ಕೇಳಲು ಸಂಕೋಚ.

1969ರ ಕೇರಳದ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾಗದದ ಕಾಲದಲ್ಲಿ ನಾನೇ ಎಷ್ಟೋ ಅರ್ಜಿ ಬರೆದುಕೊಟ್ಟಿದ್ದೇನೆ. ಗುಮಾಸ್ತರು ಮುಖ ಸಿಂಡರಿಸಿದರೆ ಕಾಯ್ದೆಯ ಹೆಸರು ಹೇಳುತ್ತಿದ್ದೆ, ತಗೊಳ್ಳುತ್ತಿದ್ದರು. ಈಗ ಪರದೆಯ ಮೇಲೆ ಮಲಯಾಳ, ಇಲ್ಲಾ ಇಂಗ್ಲಿಷ್. ಪರದೆಯ ಹತ್ತಿರ ಜಗಳ ಮಾಡುವುದು ಹೇಗೆ?

ಹಾಗಾಗಿ ಒಂದು ಉಪಾಯ ಮಾಡಿದೆ. ಅರ್ಜಿಯ ಕಾಲಂಗಳನ್ನು ಅದೇ ಕ್ರಮದಲ್ಲಿ ಒಂದು ಹಾಳೆಗೆ ಕನ್ನಡದಲ್ಲಿ ಇಳಿಸಿ ಜೆರಾಕ್ಸ್ ಮಾಡಿಟ್ಟೆ. ‘ತಂಡಪ್ಪೇರ್ ನಂಬರ್’ (ಜಾಗದ ಖಾತೆ ನಂಬರ್) ಅಂತ ಇರುವಲ್ಲಿ ‘ತೀರ್ವೆ ರಶೀದಿ ನೋಡಿ’ ಅಂತ ಬರೆದೆ. ಜನ ಹಾಳೆಯನ್ನು ಮನೆಗೆ ಒಯ್ದು, ನಿಧಾನಕ್ಕೆ ತುಂಬಿ ತರುತ್ತಾರೆ. ನಾನು ನೋಡಿ ಟೈಪ್ ಮಾಡುತ್ತೇನೆ.

ಜಾಸ್ತಿ ಹೊತ್ತು ಹಿಡಿಯುವುದು ಹೆಸರು. ಐತಪ್ಪ ಅಂತ ಇಟ್ಟುಕೊಳ್ಳಿ. ಆಧಾರಿನಲ್ಲಿ ‘ತ’ಕಾರಕ್ಕೆ ಟಿ ಒಂದೇ ಇರುತ್ತದೆ, ಶಾಲೆಯ ಸರ್ಟಿಫಿಕೇಟಿನಲ್ಲಿ ಟಿ, ಎಚ್ ಎರಡೂ. ರೇಶನ್ ಕಾರ್ಡಿನ ಮಲಯಾಳದಲ್ಲಿ ಅವರು ‘ಐತ್ತಪ್ಪ’. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ತೋರಿಸಿದಾಗ ಒಬ್ಬರು ಹಿರಿಯರು, “ಇದ್ರಲ್ಲಿ ನಾನು ಯಾವ್ದು ಮಾಷ್ಟ್ರೆ?” ಅಂದರು. ನಕ್ಕೆವು. ಆದರೆ ಹೆಸರು ತಾಳೆಯಾಗದೆ ಅವರ ಅರ್ಜಿ ಅದಾಗಲೇ ಒಮ್ಮೆ ವಾಪಸ್ ಬಂದಿತ್ತು. ಈಗ ನಾನು ಮೊದಲು ಹೆಸರು ತಾಳೆ ನೋಡುತ್ತೇನೆ. ತಾಳೆಯಾಗದಿದ್ದರೆ ‘ಒನ್ ಆಂಡ್ ದಿ ಸೇಮ್’ ಸರ್ಟಿಫಿಕೇಟಿಗೆ ವಿಲೇಜ್ ಆಫೀಸಿಗೆ ಕಳಿಸುತ್ತೇನೆ. ಮೂರು ಹೆಸರಿನವರೂ ಒಬ್ಬರೇ ಅಂತ ಸರ್ಕಾರವೇ ಬರೆದುಕೊಡುವ ಕಾಗದ ಅದು. ಉಳಿದದ್ದೆಲ್ಲ ಆಮೇಲೆ.

ಒಟಿಪಿಯದ್ದು ಇನ್ನೊಂದು ಕತೆ. ಅಮ್ಮ ಇಲ್ಲಿ, ಫೋನ್ ಮಂಗಳೂರಿನಲ್ಲಿ ದುಡಿಯುವ ಮಗನ ಹತ್ತಿರ. ಅವನು ಊಟಕ್ಕೆ ಬಿಡುವ ಹೊತ್ತು ನೋಡಿ ಅರ್ಜಿಗೆ ಕೂರುತ್ತೇವೆ.

ನಾನು ಮಾಡಿದ ಒಂದು ದೊಡ್ಡ ತಪ್ಪೂ ಹೇಳಬೇಕು. ಮೊದಮೊದಲು ತುಂಬಿದ ಹಾಳೆಗಳು ಮೇಜಿನ ಮೇಲೆ ಸುಮ್ನೆ ಬಿದ್ದಿರುತ್ತಿದ್ದವು. ಎರಡು ತಿಂಗಳು ಕಳೆದು ವಾಪಸ್ ಬಂದ ಒಂದು ಕಾದಂಬರಿಯ ಒಳಗೆ ಅಂಥದೊಂದು ಹಾಳೆ ಸಿಕ್ಕಿತು. ಯಾರೋ ಪುಟದ ಗುರುತಿಗೆ ಇಟ್ಟಿದ್ದರು. ಆಧಾರ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಅದರಲ್ಲಿತ್ತು. ಪುಸ್ತಕ ಅಷ್ಟರಲ್ಲಿ ಮೂರು ಮನೆ ಸುತ್ತಿ ಬಂದಿತ್ತು. ಈಗ ಟೈಪ್ ಆದ ಕೂಡಲೇ ಹಾಳೆಯನ್ನು ತಂದವರ ಕೈಗೇ ಕೊಟ್ಟುಬಿಡುತ್ತೇನೆ.