ದೋಣಿಗೊಂದು ಟೇಬಲ್ ಫ್ಯಾನು

ಪೆಟ್ಟಿಗೆ ಬಿಚ್ಚಿ ಮೋಟರನ್ನು ಜಗಲಿಯ ಮೇಲಿಟ್ಟದ್ದೇ ತಡ, ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ಕೇಳಿದರು: “ಎಂತದಾ ತಮಾ ಅದು, ಟೇಬಲ್ ಫ್ಯಾನಾ?” ನೋಡಲಿಕ್ಕೆ ಹಾಗೇ ಇತ್ತು. ಉದ್ದ ಕೋಲು, ಒಂದು ತುದಿಗೆ ರೆಕ್ಕೆ, ಇನ್ನೊಂದು ತುದಿಗೆ ಹಿಡಿಕೆ. ಟ್ರೋಲಿಂಗ್ ಮೋಟರ್ ಎಂದೆ. “ಟ್ರಾಲಿಂಗಾ? ಈ ದೋಣಿಯಲ್ಲಾ?” ಎಂದು ನಕ್ಕರು. ತದಡಿ ಬಂದರಿನ ಟ್ರಾಲರುಗಳನ್ನು ಕಂಡವರು ಬೇರೇನು ಕೇಳಿಯಾರು? ಅಲ್ಲಿ ಬಲೆ ಎಳೆಯುವುದು. ಇದು ಗಾಳದ ದಾರ ಬಿಟ್ಟುಕೊಂಡು ಮೆಲ್ಲಗೆ ಸಾಗುವವರಿಗೆಂದು ಹುಟ್ಟಿದ, ಬ್ಯಾಟರಿಯಿಂದ ಓಡುವ ಮೋಟರು.

ನನ್ನದು 12 ಅಡಿಯ ಫೈಬರ್ ದೋಣಿ. ಅಘನಾಶಿನಿ ನದಿಯ ದೀವಗಿ ಸೇತುವೆಯ ಆಸುಪಾಸಿನಲ್ಲಿ, ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಸಂದಿಯಲ್ಲಿ ಗಾಳ ಹಾಕುವುದು ಭಾನುವಾರದ ಹುಚ್ಚು. ಇಷ್ಟು ವರ್ಷ ಹುಟ್ಟು ಹಾಕಿದ ಬಲಭುಜ ಈಚೆಗೆ ಮುಷ್ಕರ ಹೂಡಿತ್ತು. ಪೆಟ್ರೋಲ್ ಎಂಜಿನ್ ಬೇಡವೆನಿಸಿತು. ಅದರ ಸದ್ದಿಗೆ ಮೀನಿಗಿಂತ ಮೊದಲು ನಾನೇ ಓಡಿಹೋಗುತ್ತೇನೆ.

ಮೋಟರಿನ ಶಕ್ತಿಯನ್ನು ಪೌಂಡಿನಲ್ಲಿ ಹೇಳುತ್ತಾರೆ. ದೋಣಿ, ಜನ, ಸಾಮಾನು ಸೇರಿ ಪ್ರತಿ 100 ಪೌಂಡ್ ತೂಕಕ್ಕೆ 2 ಪೌಂಡ್ ನೂಕುಬಲ ಬೇಕೆಂಬುದು ರೂಢಿಯ ಲೆಕ್ಕ. ನನ್ನದು ಒಟ್ಟು ಸುಮಾರು 250 ಕಿಲೋ, ಅಂದರೆ 550 ಪೌಂಡ್. ಲೆಕ್ಕದಂತೆ 11 ಪೌಂಡ್ ಸಾಕು. ಆದರೆ ಆ ಲೆಕ್ಕ ನಿಂತ ನೀರಿನದು. ಅಘನಾಶಿನಿಯಲ್ಲಿ ದಿನಕ್ಕೆರಡು ಭರತಿ, ಎರಡು ಇಳಿತ; ಅಮಾವಾಸ್ಯೆ ಹುಣ್ಣಿಮೆ ಬಂತೆಂದರೆ ಸೆಳೆತ ಇನ್ನೂ ಜೋರು. ಹಾಗಾಗಿ 12 ವೋಲ್ಟಿನ, 55 ಪೌಂಡಿನದನ್ನೇ ತಂದೆ. ಸಿಹಿನೀರಿನದೂ ನಡೆಯುತ್ತದೆ ಎಂದು ಅಂಗಡಿಯವರು ಹೇಳಿದ್ದರು, ಕೇಳಲಿಲ್ಲ. ಉಪ್ಪುನೀರಿಗೆಂದೇ ಮಾಡಿದ್ದು ತುಸು ತುಟ್ಟಿ, ಆದರೆ ಅದರ ಲೋಹದ ಭಾಗಗಳಿಗೆ ಬೇರೆ ಲೇಪ ಇರುತ್ತದೆ, ಅವುಗಳ ಬದಲು ತಾನು ಸವೆಯಲಿಕ್ಕೆಂದೇ ಒಂದು ಸತುವಿನ ತುಂಡೂ ಇರುತ್ತದೆ.

ಕೂರಿಸುವುದು ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ದೋಣಿಯ ಹಿಂದಿನ ಹಲಗೆಗೆ ಮೋಟರಿನ ಕೊಕ್ಕೆ ಸಿಕ್ಕಿಸಿ, ಒಳಗಿನಿಂದ ಎರಡು ತಿರುಪು ಬಿಗಿದರೆ ಆಯಿತು. ಹಾಗೇ ಮಾಡಿದೆ, ಅರ್ಧ ತಾಸು ಓಡಿಸಿದೆ. ಮರಳಿ ಬಂದು ನೋಡಿದರೆ ತಿರುಪು ಒತ್ತಿದ ಜಾಗದಲ್ಲಿ ಫೈಬರಿನ ಮೇಲೆ ಜೇಡರ ಬಲೆಯಂತೆ ಸಣ್ಣ ಸಣ್ಣ ಬಿರುಕು. ಒಂದು ತಿರುಪು ಸಡಿಲಾಗಿ ಕೈಯಲ್ಲೇ ತಿರುಗುತ್ತಿತ್ತು. ಕೊನೆಯ ಗಳಿಗೆಯಲ್ಲಿ, ಇರಲಿ ಎಂದು ಮೋಟರಿಗೆ ನೈಲಾನ್ ಹಗ್ಗ ಕಟ್ಟಿದ್ದೆ, ಪುಣ್ಯ.

ಆಮೇಲೆ ಕೂತು ಯೋಚಿಸಿದಾಗ ತಿಳಿಯಿತು. 55 ಪೌಂಡ್ ಅಂದರೆ 25 ಕಿಲೋ. ಆ ಬಲ ಹುಟ್ಟುವುದು ಕೊಕ್ಕೆಯಿಂದ ಎರಡಡಿ ಕೆಳಗೆ, ನೀರಿನೊಳಗೆ. ಕೊಕ್ಕೆಯ ಹಿಡಿತವಿರುವುದು ಬರೀ ನಾಲ್ಕಿಂಚು. ಹಾರೆಯಿಂದ ಕಲ್ಲು ಮೀಟುವ ಲೆಕ್ಕವೇ: ಕೆಳಗಿನ 25 ಕಿಲೋ ಮೇಲೆ ಬರುವಾಗ 150 ಕಿಲೋ. ಅಷ್ಟನ್ನೂ ತಾಳುವುದು ತಿರುಪುಗಳ ತುದಿಯಲ್ಲಿರುವ ನಾಣ್ಯದಷ್ಟಗಲದ ಎರಡು ಬಿಲ್ಲೆ!

ಊರಿನ ಆಚಾರಿಯ ಹತ್ತಿರ ಹೋದೆ. ಮುಕ್ಕಾಲಿಂಚು ದಪ್ಪದ ಎರಡು ಸಾಗವಾನಿ ತುಂಡು ಕೊಯ್ದು ಕೊಟ್ಟರು. ಒಂದು ಹಲಗೆಯ ಒಳಗೆ, ಒಂದು ಹೊರಗೆ, ನಡುವೆ 8 ಮಿಲಿಮೀಟರಿನ ನಾಲ್ಕು ಸ್ಟೀಲ್ ಬೋಲ್ಟು. ಸ್ಟೀಲಿನಲ್ಲಿ 316 ನಂಬರಿನದೇ ಆಗಬೇಕು. 304ಕ್ಕೆ ನಮ್ಮ ಕರಾವಳಿಯ ಗಾಳಿಯಲ್ಲೇ ಕಂದು ಕಲೆ ಬರುತ್ತದೆ. ತೂತು ಕೊರೆದ ಕೂಡಲೇ ಬೋಲ್ಟು ಹಾಕಬಾರದು. ಫೈಬರಿನ ಹೊಟ್ಟೆಯೊಳಗೆ ಪ್ಲೈವುಡ್ ಇರುತ್ತದೆ, ತೂತಿನಿಂದ ನೀರು ಕುಡಿದು ಸದ್ದಿಲ್ಲದೆ ಕೊಳೆಯುತ್ತದೆ. ಹತ್ತಿಯ ಬತ್ತಿಯನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ ಪ್ರತಿ ತೂತಿನ ಒಳಮೈಗೆ ಸವರಿ, ಒಂದು ರಾತ್ರಿ ಒಣಗಲು ಬಿಟ್ಟೆ. ಈ ಕೆಲಸಕ್ಕೆ ಎರಡು ದಿನ ಹೋಯಿತು. ಅದಾದ ಮೇಲೆ ತಿರುಪು ಅಲುಗಿಲ್ಲ. ಹಗ್ಗವನ್ನು ಮಾತ್ರ ಬಿಚ್ಚಿಲ್ಲ.

ಬ್ಯಾಟರಿ 100 ಆಂಪಿಯರ್-ಅವರ್ ಲಿಥಿಯಂ, ಸುಮಾರು 12 ಕಿಲೋ. ಅಷ್ಟೇ ಸಾಮರ್ಥ್ಯದ ಸೀಸದ್ದು ಇದರ ಎರಡು ಪಟ್ಟಿಗಿಂತ ಭಾರ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಸಾಯುತ್ತದೆ. ನಾನೂ ಮೋಟರೂ ಹಿಂದೆ ಇದ್ದಾಗ ದೋಣಿಯ ಮೂತಿ ಆಕಾಶ ನೋಡುತ್ತಿತ್ತು, ಅದಕ್ಕೆ ಬ್ಯಾಟರಿಯನ್ನು ಮುಂದಿನ ಮಣೆಯ ಕೆಳಗಿಟ್ಟೆ. ಆಗ ತಂತಿ ಉದ್ದವಾಯಿತು. ಮನೆಯಲ್ಲಿದ್ದ 4 ಚದರ ಮಿಲಿಮೀಟರಿನ ತಂತಿಯನ್ನೇ ಎಳೆದೆ. ಪೂರ್ತಿ ವೇಗದಲ್ಲಿ ಮೋಟರು 50 ಆಂಪಿಯರ್ ಎಳೆಯುತ್ತದೆ. ಮುಟ್ಟಿ ನೋಡಿದರೆ ತಂತಿ ಬಿಸಿ ದೋಸೆಯ ಹಾಗೆ. ಹೋಗಿ ಬರುವ 6 ಮೀಟರಿನಲ್ಲಿ 1.3 ವೋಲ್ಟ್ ಸುಮ್ಮನೆ ಸುಟ್ಟುಹೋಗುತ್ತಿತ್ತು. 16 ಚದರ ಮಿಲಿಮೀಟರಿನದು ಹಾಕಿದ ಮೇಲೆ ಅದು ಮೂರನೇ ಒಂದು ವೋಲ್ಟಿಗೆ ಇಳಿಯಿತು. ಬ್ಯಾಟರಿಯ ಪಕ್ಕದಲ್ಲೇ 60 ಆಂಪಿಯರಿನ ಬ್ರೇಕರ್ ಇದೆ. ದೂರ ಹಾಕಿದರೆ ಅಲ್ಲಿಯವರೆಗಿನ ತಂತಿಗೆ ಕಾವಲಿಲ್ಲ.

ರೆಕ್ಕೆಯ ನಡುಭಾಗ ನೀರಿನಿಂದ ಒಂದಡಿ ಕೆಳಗಿರುವಂತೆ ಕೋಲು ಇಳಿಸಿದೆ. ಮೇಲಿದ್ದರೆ ಗಾಳಿ ನುಂಗಿ ಬರೀ ಸದ್ದು ಮಾಡುತ್ತದೆ.

ನೀರು ನಿಂತಿರುವ ಹೊತ್ತಿನಲ್ಲಿ ಮೊಬೈಲ್ ಗಂಟೆಗೆ 6 ಕಿಲೋಮೀಟರ್ ತೋರಿಸಿತು. ಇಳಿತಕ್ಕೆ ಎದುರಾಗಿ ಬರುವಾಗ ಅದೇ ಮೋಟರು, ಅದೇ ವೇಗದ ಗುಂಡಿ, ಮೂರಕ್ಕೂ ಕಮ್ಮಿ. ಪೂರ್ತಿ ಬಿಟ್ಟರೆ ಬ್ಯಾಟರಿ ಎರಡು ತಾಸು. 15 ಆಂಪಿಯರಿನಲ್ಲಿ ಮೆಲ್ಲಗೆ ಹೋದರೆ ಆರು ತಾಸು ದಾಟುತ್ತದೆ. ಈಗ ಇಳಿತದ ಜೊತೆ ಅಳಿವೆಯ ಕಡೆ ಹೋಗಿ, ಭರತಿಯ ಜೊತೆ ಮನೆಗೆ ಬರುತ್ತೇನೆ. ಹುಟ್ಟು ದೋಣಿಯಲ್ಲೇ ಇರುತ್ತದೆ.

ಪ್ರತಿ ಸಲ ಬಂದ ಮೇಲೆ ಬಾವಿ ನೀರಿನಲ್ಲಿ ತೊಳೆಯುತ್ತೇನೆ. ಆಗಾಗ ಪಿನ್ನು ತೆಗೆದು ರೆಕ್ಕೆ ಕಳಚುತ್ತೇನೆ. ಕಳೆದ ಸಲ ಅದರ ಹಿಂದೆ ಹರಿದ ಬಲೆಯ ಎಳೆ ಕೂದಲಿನಷ್ಟು ತೆಳ್ಳಗೆ ಸುತ್ತಿ ಬಿಗಿದುಕೊಂಡಿತ್ತು. ಬಿಟ್ಟಿದ್ದರೆ ರಬ್ಬರ್ ಸೀಲನ್ನು ಕೊಯ್ದು ಒಳಗೆ ನೀರು ಬಿಡುತ್ತಿತ್ತು. ಬ್ಲೇಡಿನಿಂದ ಬಿಡಿಸಲು ಕಾಲು ತಾಸು ಬೇಕಾಯಿತು.

ಅದನ್ನು ನೋಡುತ್ತಾ ನಿಂತಿದ್ದ ಅಜ್ಜ, “ನನ್ನ ಪಾತಿಗೆ ಕೂಡ್ತದ್ಯಾ ಇದು?” ಎಂದರು. ಪಾತಿ ದೋಣಿ ಎರಡೂ ತುದಿಗೆ ಚೂಪು, ಕೊಕ್ಕೆ ಹಾಕಲು ಹಿಂದೆ ಹಲಗೆಯೇ ಇಲ್ಲ. ಅಡ್ಡ ಮರ ಕಟ್ಟಿ ಪಕ್ಕಕ್ಕೆ ಕೂರಿಸಬೇಕು, ಆಗ ದೋಣಿ ಒಂದೇ ಕಡೆ ಎಳೆಯುತ್ತದೆ ಎಂದೆ. “ಅದಕ್ಕೆಂತ, ಹುಟ್ಟು ಹಾಕುವಾಗಲೂ ಎಳೀತದೆ” ಎಂದವರೇ ಅಗಲ ಅಳೆಯಲು ದಾರ ತರಲು ಹೋದರು.