ಗೇರ್‌ಬಾಕ್ಸ್ ಹೋಗಿರಲಿಲ್ಲ, ಎಣ್ಣೆ ಹೋಗಿತ್ತು

ಮೊದಲ ಸಲ ಬಸಿದ ಎಣ್ಣೆ ಕಾಫಿ ಡಿಕಾಕ್ಷನ್ ಥರ ಇತ್ತು. ಅದೂ ತಳದ ಗಟ್ಟಿ ಡಿಕಾಕ್ಷನ್. ಮೂಸಿ ನೋಡಿದರೆ ಸೀದ ವಾಸನೆ. ಪೀಣ್ಯದಲ್ಲಿ ನನ್ನ ಭಾವಮೈದನ ವೆಲ್ಡಿಂಗ್ ಶೆಡ್ ಇದೆ, ಅಲ್ಲಿ ಕಾರಿನ ಕೆಳಗೆ ಮಲಗಿದ್ದೆ. ಅವನು ಬಗ್ಗಿ ನೋಡಿ, "ಭಾವ, ಇದು ಎಂಜಿನ್ ಆಯಿಲ್ ಅಲ್ವಾ? ತಪ್ಪು ಬೋಲ್ಟ್ ಬಿಚ್ಚಿದ್ರಾ?" ಅಂದ. ಅವನ ತಪ್ಪಲ್ಲ. ಕೆಂಪಗಿರಬೇಕಾದ ಗೇರ್‌ಬಾಕ್ಸ್ ಎಣ್ಣೆ ಹಾಗಿತ್ತು.

ಕಾರು 2013ರ ವೋಲ್ವೋ ಎಕ್ಸ್‌ಸಿ60, ಡಿ5. ಐದು ಸಿಲಿಂಡರ್, 2.4 ಲೀಟರ್ ಡೀಸೆಲ್, ಆರು ಗೇರಿನ ಐಸಿನ್ ಆಟೋಮ್ಯಾಟಿಕ್. 2021ರ ಕೊನೆಯಲ್ಲಿ ಹತ್ತೂವರೆ ಲಕ್ಷಕ್ಕೆ ತಗೊಂಡೆ. ಆಗ 92 ಸಾವಿರ ಕಿಲೋಮೀಟರ್ ಓಡಿತ್ತು. ಡೆಲ್ಲಿ ಗಾಡಿ ಎರಡು ಎರಡೂವರೆ ಲಕ್ಷ ಕಮ್ಮಿಗೆ ಸಿಗುತ್ತಿತ್ತು. ಆಗ ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಓಡಿಸುವ ಹಾಗಿರಲಿಲ್ಲ, ಅದಕ್ಕೇ ಎಲ್ಲ ದಕ್ಷಿಣಕ್ಕೆ ಇಳಿಯುತ್ತಿದ್ದವು. ಆದರೆ ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿ, ಎನ್‌ಒಸಿಗೆ ಅಲೆದು, ಆರ್‌ಟಿಒ ಬಾಗಿಲು ಕಾಯುವಷ್ಟರಲ್ಲಿ ಉಳಿಸಿದ ದುಡ್ಡು ಕರಗುತ್ತೆ. ಕೆಎ-03, ಒಬ್ಬರೇ ಮಾಲೀಕರು, ಅಷ್ಟು ಸಾಕು ಅಂದುಕೊಂಡೆ. ಕಾರ್ಪೆಟ್ ಎತ್ತಿ, ಸೀಟಿನ ಹಳಿಯಲ್ಲಿ ಕೆಸರು ಇದೆಯಾ ಅಂತ ಮಾತ್ರ ಬೆರಳು ಹಾಕಿ ನೋಡಿದ್ದೆ. ಬೆಂಗಳೂರಿನ ಮಳೆ ಗೊತ್ತಲ್ಲ.

ಗೇರ್ ಬಗ್ಗೆ ಗಮನ ಕೊಡಲಿಲ್ಲ. ಟೆಸ್ಟ್ ಡ್ರೈವ್ ಇಪ್ಪತ್ತು ನಿಮಿಷ, ಅದೂ ತಣ್ಣಗಿದ್ದಾಗ. ಬಿಸಿ ಆದ ಮೇಲೆ 2ರಿಂದ 3ಕ್ಕೆ ಬೀಳುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಆಗುತ್ತಿತ್ತು. ಸಿಲ್ಕ್ ಬೋರ್ಡಿನಲ್ಲಿ ಒಂದು ಗಂಟೆ ತೆವಳಿದರೆ ಸಾಕು, ಒದೆ ಮೇಲೆ ಒದೆ.

ಒಂದು ದೊಡ್ಡ ವರ್ಕ್‌ಶಾಪ್‌ಗೆ ಕೊಂಡೊಯ್ದೆ. ಎರಡು ದಿನ ಇಟ್ಟುಕೊಂಡು, "ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸಿ ಓವರ್‌ಹಾಲ್ ಮಾಡಬೇಕು" ಅಂತ 2 ಲಕ್ಷ 80 ಸಾವಿರದ ಅಂದಾಜು ಕೊಟ್ಟರು. ಎಣ್ಣೆ ಬದಲಾಯಿಸಿ ನೋಡೋಣವಾ ಅಂದರೆ ನಕ್ಕರು. ವಿಲ್ಸನ್ ಗಾರ್ಡನ್ನಿನಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಮೇಸ್ತ್ರಿ ಇದ್ದಾರೆ, ಕೈ ಬಹಳ ಚೆನ್ನಾಗಿದೆ. ಅವರೂ, "ಮುಟ್ಟಬೇಡಿ ಸಾರ್. ಹಳೇ ಎಣ್ಣೆಲೇ ಕ್ಲಚ್ ಹಿಡ್ಕೊಂಡಿರುತ್ತೆ. ಹೊಸದು ಹಾಕಿದ್ರೆ ನಾಳೆಯಿಂದ ಸ್ಲಿಪ್" ಅಂದರು. ಲೈಫ್‌ಟೈಮ್ ಎಣ್ಣೆ, ಬದಲಾಯಿಸೋದೇ ಬೇಡ ಅನ್ನುವವರು ಬೇರೆ. ಯಾರ ಲೈಫು ಅಂತ ಮಾತ್ರ ಯಾರೂ ಹೇಳಲ್ಲ.

ಮನೆಯಲ್ಲಿ ಕೇಳಬೇಡಿ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಮೊದಲ ದಿನವೇ, "ಸಾರ್, ವೋಲ್ವೋ ಅಂದ್ರೆ ಬಸ್ ಅಲ್ವಾ?" ಅಂತ ಕೇಳಿದ್ದ. 2006ರಿಂದ ಬಿಎಂಟಿಸಿ ಓಡಿಸುತ್ತಿದೆ, ಬೆಂಗಳೂರಿನವರಿಗೆ ವೋಲ್ವೋ ಅಂದರೆ ಎಸಿ ಬಸ್ಸೇ. ಹೆಂಡತಿ ಈ ಮಾತನ್ನೇ ಹಿಡಿದುಕೊಂಡಳು. "ಒದೆಸ್ಕೊಂಡು ಹೋಗೋ ಬದಲು ಬಸ್ಸಿನ ವೋಲ್ವೋದಲ್ಲೇ ಹೋಗೋಣ, ಕಂಡಕ್ಟರ್ ಒದೆಯಲ್ಲ." ಸಂಬಂಧಿಕರೊಬ್ಬರು ಹೊಸಕೋಟೆಯ ಬಸ್ ಕಾರ್ಖಾನೆಯಲ್ಲಿ ಸ್ಪೇರ್ ಕೇಳು ಅಂತ ಸಲಹೆ ಕೊಟ್ಟರು. ಬಸ್ಸು ಲಾರಿಯವರು ಬೇರೆ, ಕಾರಿನವರು ಬೇರೆ, 1999ರಲ್ಲಿ ಕಾರಿನ ಭಾಗ ಫೋರ್ಡ್‌ಗೆ ಹೋಯಿತು, 2010ರಲ್ಲಿ ಚೀನಾದ ಗೀಲಿಗೆ ಹೋಯಿತು ಅಂತ ಎಷ್ಟು ಜನಕ್ಕೆ ಹೇಳಲಿ? 2017ರಿಂದ ಕಾರು ಜೋಡಿಸೋದೂ ಬೆಂಗಳೂರಿನ ಪಕ್ಕದಲ್ಲೇ ಶುರುವಾಗಿದೆ ನಿಜ. ನನ್ನ 2013ರ ಗಾಡಿಗೆ ಅದರಿಂದ ಏನೂ ಲಾಭ ಇಲ್ಲ.

ಎಲ್ಲರೂ ಬೇಡ ಅಂದಿದ್ದಕ್ಕೆ ನಾನೂ ಮೊದಲು ಬೇರೆ ಕಡೆ ದುಡ್ಡು ಸುರಿದೆ. ಒದೆ ಬರೋದು ಎಂಜಿನ್ ಅಲುಗದ ಹಾಗೆ ಹಿಡಿಯುವ ರಬ್ಬರ್ ಮೌಂಟ್‌ನಿಂದ ಇರಬಹುದು ಅಂತ ಕೆಳಗಿನ ಟಾರ್ಕ್ ಮೌಂಟ್ ಹಾಕಿಸಿದೆ. 11 ಸಾವಿರ. ಒಂದು ವಾರ ಚೆನ್ನಾಗಿದೆ ಅನ್ನಿಸಿತು. ಖರ್ಚು ಮಾಡಿದ್ದೇವಲ್ಲ, ಹಾಗೆ ಅನ್ನಿಸಲೇಬೇಕು. ಆಮೇಲೆ ಅದೇ ಒದೆ.

ಸ್ಕ್ಯಾನರ್ ವಿಷಯದಲ್ಲೂ ಏಟು ತಿಂದೆ. ಕಾರಿನ ಕಂಪ್ಯೂಟರ್ ಓದಲು ಸಿಕ್ಕಿಸುವ ಸಾಮಾನ್ಯ ಓಬಿಡಿ ಡಾಂಗಲ್ ಎಂಜಿನ್ ಮಾತ್ರ ಓದುತ್ತೆ, ಗೇರ್‌ಬಾಕ್ಸ್ ಒಳಗೆ ಇಣುಕಲ್ಲ. ವೋಲ್ವೋದವರದೇ ಸಾಫ್ಟ್‌ವೇರ್ ವಿಡಾ ಬೇಕು, ಅದನ್ನು ಕಾರಿಗೆ ಜೋಡಿಸಲು ಡೈಸ್ ಅನ್ನೋ ಡಬ್ಬಿ ಬೇಕು. ಮೊದಲು 4,500ಕ್ಕೆ ತರಿಸಿದ ಡೈಸ್ ಮೂರನೇ ದಿನಕ್ಕೆ ಲೈಟೂ ಹತ್ತದೆ ಸತ್ತಿತು. ಎರಡನೆಯದು 9 ಸಾವಿರದ ಸುಮಾರು, ಇವತ್ತಿಗೂ ಓಡುತ್ತಿದೆ. ಎಸ್‌ಪಿ ರೋಡಿನಲ್ಲಿ 7 ಸಾವಿರಕ್ಕೆ ಹಳೇ ಲ್ಯಾಪ್‌ಟಾಪ್ ತಗೊಂಡು ವಿಂಡೋಸ್ 7 ಹಾಕಿಸಿದೆ. ಇದರಲ್ಲಿ ಇಂಟರ್‌ನೆಟ್ ಇಲ್ಲ, ಮಕ್ಕಳಿಗೆ ಮುಟ್ಟಲು ಬಿಡಲ್ಲ. ಗೇರ್‌ಬಾಕ್ಸ್‌ನಲ್ಲಿ ಒಂದೂ ಗಂಭೀರ ದೋಷದ ಕೋಡ್ ಇರಲಿಲ್ಲ. ಸ್ಲಿಪ್ ಕೂಡ ಇಲ್ಲ. ಕ್ಲಚ್ ತಿಂದು ಹೋಗಿದ್ದರೆ ಹೀಗಿರಲ್ಲ. ನನಗೆ ಧೈರ್ಯ ಬಂದಿದ್ದು ಇಲ್ಲಿ.

ಹಳೇ ಎಣ್ಣೆಯನ್ನೆಲ್ಲ ಒಂದೇ ಸಲಕ್ಕೆ ತಳ್ಳಿ ತೆಗೆಯುವ ಫ್ಲಶ್ ಮೆಷಿನ್‌ಗೆ ನಾನು ಹೋಗಲಿಲ್ಲ. ಮೇಸ್ತ್ರಿ ಹೇಳಿದ್ದರಲ್ಲಿ ಅರ್ಧ ಸತ್ಯ ಇತ್ತು: ಇಷ್ಟು ವರ್ಷ ಕೂತ ಕೊಳೆಯನ್ನು ಒಂದೇ ಸಲ ಎಬ್ಬಿಸಿದರೆ ಎಣ್ಣೆಯ ಒತ್ತಡದಿಂದ ಗೇರ್ ಬದಲಿಸುವ ವಾಲ್ವ್ ಬಾಡಿಯಲ್ಲಿ ಹೋಗಿ ಕೂತುಕೊಳ್ಳುತ್ತೆ. ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಬಸಿದು ತುಂಬೋದು. ಒಟ್ಟು ಏಳು ಲೀಟರ್ ಹಿಡಿಯುತ್ತೆ, ಒಂದು ಸಲಕ್ಕೆ ಮೂರು ಮೂರೂವರೆ ಮಾತ್ರ ಬರುತ್ತೆ, ಉಳಿದದ್ದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಟಾರ್ಕ್ ಕನ್ವರ್ಟರ್‌ನಲ್ಲಿ ಅಡಗಿರುತ್ತೆ. ಅಂದರೆ ಮೊದಲ ಸಲ ಅರ್ಧ ಹೊಸದು. ಎರಡನೇ ಸಲ ಮುಕ್ಕಾಲು. ಮೂರನೆಯದಕ್ಕೆ ನೂರಕ್ಕೆ 87, ನಾಲ್ಕನೆಯದಕ್ಕೆ 93ರ ಮೇಲೆ. ಐದನೆಯದಕ್ಕೆ ದುಡ್ಡು ದಂಡ.

ಮೊದಲ ಪ್ರಯತ್ನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ. ಅದನ್ನು ಬರೆಯೋಕೇ ನಾಚಿಕೆ. ಗೇರ್‌ಬಾಕ್ಸಿನ ತಳದ ಬೋಲ್ಟಿನ ನಡುವೆ ಇರುವ ನಕ್ಷತ್ರ ತಲೆಯ ಸಣ್ಣ ಟಾರ್ಕ್ಸ್ ಬೋಲ್ಟ್ ಬಿಚ್ಚಿ ಬಕೆಟ್ ಹಿಡಿದು ಕೂತೆ. ಒಂದು ಲೋಟ ಬಂತು, ನಿಂತಿತು. ಹತ್ತು ನಿಮಿಷ ಕಾದೆ. ಇದು ಲೆವೆಲ್ ನೋಡುವ ಬೋಲ್ಟು, ಬಸಿಯಬೇಕಾದರೆ ಹೊರಗಿನ ದೊಡ್ಡದನ್ನೇ ಬಿಚ್ಚಬೇಕು ಅಂತ ಹೊಳೆದಾಗ ಆ ಗಾಬರಿಯಲ್ಲಿ ಬಕೆಟ್ಟಿಗೆ ಕಾಲು ತಾಗಿತು. ಎಣ್ಣೆ ಪಕ್ಕದ ಮನೆಯವರ ಪಾರ್ಕಿಂಗ್‌ವರೆಗೆ ಹರಿಯಿತು. ಹರಿದದ್ದು ಒಳ್ಳೆಯದೇ ಆಯಿತು, ಬೇಸ್‌ಮೆಂಟಿನ ನೆಲ ಎಷ್ಟು ಇಳಿಜಾರು ಅಂತ ಗೊತ್ತಾಯಿತು. ಅಲ್ಲಿ ಲೆವೆಲ್ ನೋಡಿದ್ದರೆ ಲೆಕ್ಕವೆಲ್ಲ ತಪ್ಪುತ್ತಿತ್ತು. ಅಸೋಸಿಯೇಷನ್‌ನವರು 500 ರೂಪಾಯಿ ದಂಡ ಹಾಕಿದರು. ಕಟ್ಟಿದೆ.

ಆಮೇಲೆ ಪೀಣ್ಯ. ಗಾರೆ ಕೆಲಸದವರು ನೀರು ತುಂಬಿದ ಟ್ಯೂಬಿನಲ್ಲಿ ಮಟ್ಟ ನೋಡುತ್ತಾರಲ್ಲ, ಅದನ್ನೇ ತಂದು ನಾಲ್ಕೂ ಚಕ್ರದ ಹತ್ತಿರ ಹಿಡಿದು, ಕಾರು ಎತ್ತಿ ನಿಲ್ಲಿಸಿದ ಸ್ಟ್ಯಾಂಡ್‌ಗಳ ಕೆಳಗೆ ಶೀಟ್ ತುಂಡು ಕೊಟ್ಟು ಸಮ ಮಾಡಿದೆವು. ಬಸಿದದ್ದನ್ನು ಒಂದು ಲೀಟರಿನ ನೀರಿನ ಬಾಟಲಿಗಳಲ್ಲಿ ಅಳೆದೆ: ಮೂರು ಬಾಟಲಿ ತುಂಬಿ ನಾಲ್ಕನೆಯದು ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಅಷ್ಟೇ ಹಾಕಿದೆ, ಒಂದು ಹನಿ ಜಾಸ್ತಿ ಇಲ್ಲ. ಎಣ್ಣೆ ಜೆಡಬ್ಲ್ಯೂಎಸ್ 3309 ಸ್ಪೆಸಿಫಿಕೇಶನ್‌ದು. ಯಾವ ಬ್ರ್ಯಾಂಡ್, ಜೆಸಿ ರೋಡಿನ ಯಾವ ಅಂಗಡಿ ಅಂತ ಕೇಳಬೇಡಿ. ಆ ಅಂಗಡಿಯವರ ಹತ್ತಿರ ಬರೋದೇ ಎರಡು ಮೂರು ಕೇಸು, ನನಗೆ ಇನ್ನೂ ಬೇಕು. ತುಂಬಿದ ಮೇಲೆ ಗೇರ್ ಲಿವರನ್ನು ಪಿ, ಆರ್, ಎನ್, ಡಿ ಒಂದೊಂದರಲ್ಲೂ ನಿಲ್ಲಿಸಿ, ಲ್ಯಾಪ್‌ಟಾಪಿನಲ್ಲಿ ಎಣ್ಣೆಯ ಬಿಸಿ 50 ಡಿಗ್ರಿ ದಾಟಿ 60 ಮುಟ್ಟುವುದರೊಳಗೆ ಲೆವೆಲ್ ನೋಡೋದು.

ಮೊದಲ ಸಲದ ನಂತರ ಒದೆ ಅರ್ಧ ಕಮ್ಮಿ ಆಯಿತು ಅಂತ ಬರೆಯಬೇಕು ಅಂತ ಆಸೆ. ಆಗಲಿಲ್ಲ. ಜಾಸ್ತಿ ಆಯಿತು. ಎಣ್ಣೆ ಹಾಕಿದ ಖುಷಿಯಲ್ಲಿ ನಾನು ಅಡಾಪ್ಟೇಶನ್ ರೀಸೆಟ್ ಒತ್ತಿಬಿಟ್ಟಿದ್ದೆ. ಗೇರ್‌ಬಾಕ್ಸಿನ ಕಂಪ್ಯೂಟರ್ ಗೇರ್ ಹಾಕೋದು ಹೇಗೆ ಅಂತ ಕಲಿತಿದ್ದ ಹಳೆಯದನ್ನೆಲ್ಲ ಮರೆತು, ಇನ್ನೂ ಕೊಳಕಾಗಿರುವ ಎಣ್ಣೆಯಲ್ಲೇ ಹೊಸದಾಗಿ ಕಲಿಯಲು ಕೂತಿತು. ಒಂದು ವಾರ ಮೇಸ್ತ್ರಿ ಹೇಳಿದ್ದೇ ನಿಜವಾಯಿತಲ್ಲಪ್ಪಾ ಅಂತ ನಿದ್ದೆ ಇಲ್ಲ. 300 ಕಿಲೋಮೀಟರ್ ಆದ ಮೇಲೆ ಎರಡನೇ ಸಲ ಬಸಿದೆ, ಬೆಲ್ಲದ ಪಾಕದ ಬಣ್ಣ. ಇನ್ನೊಂದು 400ಕ್ಕೆ ಮೂರನೆಯದು, ಈಗ ಚಹಾ. 500 ಬಿಟ್ಟು ನಾಲ್ಕನೆಯದು. ಬಾಟಲಿ ಬೆಳಕಿಗೆ ಹಿಡಿದರೆ ದಾಳಿಂಬೆ ರಸ. ನಾಲ್ಕೂ ಬಾಟಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ವಿಲ್ಸನ್ ಗಾರ್ಡನ್ನಿಗೆ ಕಳಿಸಿದೆ. ಉತ್ತರ ಬರಲಿಲ್ಲ.

ರೀಸೆಟ್ ಮಾಡಬೇಕಾಗಿದ್ದು ಆಗ. ಮಾಡಿ, ಬೆಳಿಗ್ಗೆ ಐದಕ್ಕೆ ನೈಸ್ ರೋಡಿಗೆ ಹೋದೆ. ಯಾವ ಕ್ರಮದಲ್ಲಿ ಆಕ್ಸಿಲರೇಟರ್ ಒತ್ತಬೇಕು, ಎಲ್ಲಿ ಪೂರ್ತಿ ಕಾಲು ತೆಗೆದು ಉರುಳಲು ಬಿಡಬೇಕು ಅನ್ನೋದನ್ನು ನಾನೇ ಹತ್ತಾರು ಸಲ ಮಾಡಿ ಕಂಡುಕೊಂಡಿದ್ದೇನೆ, ಅದಿಷ್ಟು ನನ್ನ ಹತ್ತಿರವೇ ಇರಲಿ. ಬನ್ನೇರುಘಟ್ಟ ರಸ್ತೆಯ ಟೋಲ್ ಬರುವ ಹೊತ್ತಿಗೆ 2ರಿಂದ 3 ಯಾವಾಗ ಬಿತ್ತು ಅಂತ ಮೀಟರ್ ನೋಡಿ ತಿಳಿಯಬೇಕಾಗಿತ್ತು. ಎಣ್ಣೆ 15-16 ಸಾವಿರ, ಮೌಂಟು, ಸತ್ತ ಡೈಸು, ಲ್ಯಾಪ್‌ಟಾಪು, ದಂಡ ಎಲ್ಲ ಸೇರಿ 50 ಸಾವಿರದ ಒಳಗೆ. 2 ಲಕ್ಷ 80 ಸಾವಿರಕ್ಕೆ ಹೋಲಿಸಿ ನೋಡಿ. ಆಮೇಲೆ ಇವತ್ತಿನವರೆಗೆ 40 ಸಾವಿರ ಕಿಲೋಮೀಟರ್ ಓಡಿಸಿದ್ದೇನೆ.

ಲ್ಯಾಪ್‌ಟಾಪ್ ಇದೆಯಲ್ಲ ಅಂತ ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಮೇಲೂ ಒಂದು ಪ್ರಯೋಗ ಮಾಡಿದೆ. ಮೂರು ತಿಂಗಳು ಮಸಿಯ ಲೆಕ್ಕ ಬರೆದಿಟ್ಟೆ. ಬರೀ ರಿಂಗ್ ರೋಡ್, ಆಫೀಸು, ಮನೆ ಅಂತ ಓಡಿಸಿದರೆ 250 ಕಿಲೋಮೀಟರ್‌ಗೇ ರೀಜನರೇಶನ್, ಅಂದರೆ ಕೂತ ಮಸಿ ಸುಡೋದು, ಕೇಳುತ್ತಿತ್ತು, ಅದೂ ಅರ್ಧಕ್ಕೆ ಸಿಗ್ನಲ್‌ನಲ್ಲಿ ನಿಂತುಹೋಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ತುಮಕೂರು ರಸ್ತೆಯಲ್ಲಿ 2,000 ಆರ್‌ಪಿಎಂ ಮೇಲೆ ಅರ್ಧ ಗಂಟೆ ಬಿಟ್ಟರೆ 500-600ರವರೆಗೆ ಸುಮ್ಮನಿರುತ್ತೆ. ಮಸಿ ಸುಡೋಕೆ ಹೋಗಿ ಬರ್ತೀನಿ ಅಂದರೆ ಮನೆಯಲ್ಲಿ ಯಾರೂ ನಂಬಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಅಂತಲೇ ಅವರ ಗುಮಾನಿ. ಪೂರ್ತಿ ಸುಳ್ಳೂ ಅಲ್ಲ.

ಗಾಜಿನ ವಿಷಯದಲ್ಲಿ ಮಾತ್ರ ನನ್ನ ಜಾಣತನ ನಡೆಯಲಿಲ್ಲ. ಲಾರಿಯಿಂದ ಕಲ್ಲು ಹಾರಿ ಮುಂದಿನ ಗಾಜು ಬಿರುಕು ಬಿಟ್ಟಾಗ 14 ಸಾವಿರಕ್ಕೆ ಕಂಪನಿಯದಲ್ಲದ ಗಾಜು ಹಾಕಿಸಿದೆ. ಸಿಟಿ ಸೇಫ್ಟಿಯ ಲೇಸರ್ ಕಣ್ಣು ಇರೋದು ಗಾಜಿನ ತಲೆಯಲ್ಲೇ. ಗಾಡಿ ಎತ್ತಿದ ಕೂಡಲೇ ಸೆನ್ಸರ್ ಮುಚ್ಚಿದೆ ಅಂತ ಮೆಸೇಜು, ಎಷ್ಟು ಒರೆಸಿದರೂ ಹೋಗಲ್ಲ. ನಿಧಾನಕ್ಕೆ ಹೋಗುವಾಗ ಮುಂದಿನ ಗಾಡಿಗೆ ಗುದ್ದುವ ಮೊದಲು ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಅದು. ಆಟೋದವರು ಅಡ್ಡ ತೂರಿದಾಗ ಎರಡು ಸಲ ನನ್ನ ಬಂಪರ್ ಉಳಿಸಿದೆ. ಅದನ್ನು ಕಳಕೊಂಡು ಓಡಿಸಲು ಮನಸ್ಸು ಬರಲಿಲ್ಲ. ಕೊನೆಗೆ ಅಸಲಿ ಗಾಜೇ ಹಾಕಿಸಿದೆ, 14 ಸಾವಿರ ನೀರಿಗೆ ಹೋಯಿತು.

ಇಷ್ಟು ಕಷ್ಟ ಪಟ್ಟು ಈ ಕಾರೇ ಯಾಕೆ ಅಂತ ಮಾವನೂ ಕೇಳಿದ್ದರು. ಅವರು ಹಿಂದೆ ಕೂತು ಬೆಲ್ಟ್ ಹಾಕಲ್ಲ. ಗಾಡಿ ಬಿಡುವುದಿಲ್ಲ, ಮೀಟರಿನಲ್ಲಿ ಮೆಸೇಜು ತೋರಿಸುತ್ತೆ. "ಹಿಂದೆ ಕೂತವರಿಗೂ ಬೆಲ್ಟಾ, ಅಳಿಯಂದ್ರೆ?" ಆ ಮೂರು ಪಾಯಿಂಟಿನ ಬೆಲ್ಟ್ ಮಾಡಿದ್ದೇ ಈ ಕಂಪನಿಯ ನಿಲ್ಸ್ ಬೋಲಿನ್, 1959ರಲ್ಲಿ, ಅದಕ್ಕೆ ಮೊದಲು ಅವರು ವಿಮಾನದಿಂದ ಪೈಲಟ್‌ನನ್ನು ಹೊರಗೆ ಎಸೆಯುವ ಸೀಟು ಮಾಡುತ್ತಿದ್ದರು, ಪೇಟೆಂಟನ್ನು ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟಿತು ಅಂತ ನಾನು ಹೇಳುತ್ತಾ ಹೋದೆ. ಯಶವಂತಪುರದಿಂದ ನೆಲಮಂಗಲದವರೆಗೆ ಹೇಳಿದೆ. ಸಾಕಾಗಿ ಬೆಲ್ಟ್ ಹಾಕಿಕೊಂಡರು.

ಇಂಥದೇ ಗಾಡಿಯೊಂದಕ್ಕೆ ಮುಂದಿನ ಮಾಲೀಕರು ನೀವಾದರೆ ಒಂದೇ ಮಾತು: ಈ ಐದು ಸಿಲಿಂಡರ್‌ನಲ್ಲಿ ಟೈಮಿಂಗ್ ಬೆಲ್ಟಿಗಿಂತ ಮೊದಲು ಹೊರಗಿನ ಫ್ಯಾನ್ ಬೆಲ್ಟ್ ನೋಡಿ. ಅದು ಹರಿದರೆ ಎಳೆ ಟೈಮಿಂಗ್ ಒಳಗೆ ನುಗ್ಗುತ್ತೆ, ಎಂಜಿನ್ ಅಲ್ಲಿಗೆ ಮುಗಿಯಿತು. ನನ್ನದರ ಅಂಚು ಹಳೇ ಚಾಪೆ ಥರ ಬಿಚ್ಚಿಕೊಂಡಿತ್ತು. ಎರಡೂ ಬೆಲ್ಟು, ಟೆನ್ಷನರ್, ವಾಟರ್ ಪಂಪ್ ಒಟ್ಟಿಗೆ ಮಾಡಿಸಿದೆ, ಮಜೂರಿ ಸೇರಿ 30-32 ಸಾವಿರ ಇರಬೇಕು. ಅದನ್ನು ಮಾಡಿದ್ದು ಅದೇ ವಿಲ್ಸನ್ ಗಾರ್ಡನ್ ಮೇಸ್ತ್ರಿ. ಬಾಟಲಿ ಫೋಟೋ ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಿಲ್ ಬರೆಯುವಾಗ ಮಾತ್ರ, "ಒಂದು ಸಲಕ್ಕೆ ಎಷ್ಟು ಲೀಟರ್ ಬಂತು ಅಂದ್ರಿ ಸಾರ್?" ಅಂತ ಕೇಳಿದರು.

ಈಗ ಹಿಂದಿನ ಎಡಚಕ್ರದ ಬೇರಿಂಗ್ 60ರ ಮೇಲೆ ಗುಂಯ್ ಅನ್ನಲು ಶುರು ಮಾಡಿದೆ. ಹಬ್ ಸಮೇತ ಬರುತ್ತೆ, ತರಿಸಿಟ್ಟಿದ್ದೇನೆ. ಭಾನುವಾರ ಮಳೆ ಇಲ್ಲದಿದ್ದರೆ ಪೀಣ್ಯಕ್ಕೆ ಹೋಗಿ ಬಿಚ್ಚಬೇಕು.