ಕೆಳರೆಪ್ಪೆಯ ಬಣ್ಣ

ಬೆಳಿಗ್ಗೆ ದೊಡ್ಡಿಯ ಬಾಗಿಲನ್ನು ನಾನು ಹೋದ ಕೂಡಲೇ ತೆಗೆಯುವುದಿಲ್ಲ. ಹೊರಗೆ ನಿಂತು ಐದು ನಿಮಿಷ ಸುಮ್ಮನೆ ನೋಡುತ್ತೇನೆ. ಯಾವುದು ಎದ್ದು ಮೈಮುರಿಯಿತು, ಯಾವುದು ಮಲಗಿಯೇ ಇದೆ, ಮೆಲುಕು ಹಾಕದೆ ಗೋಡೆಯ ಕಡೆ ತಲೆ ತಗ್ಗಿಸಿ ನಿಂತಿರುವುದು ಯಾವುದು. ಬಾಗಿಲು ತೆಗೆದ ಮೇಲೆ ಇದೆಲ್ಲ ಕಾಣಿಸುವುದಿಲ್ಲ. ಹಸಿವಿನ ಗದ್ದಲದಲ್ಲಿ ಕಾಯಿಲೆಯ ಪ್ರಾಣಿಯೂ ಹಿಂಡಿನೊಳಗೆ ಸೇರಿಕೊಂಡು ಓಡಿಬಿಡುತ್ತದೆ. ಮೇಕೆ ನೋವಾದರೆ ಕೂಗಿ ಹೇಳುತ್ತದೆ. ಕುರಿ ಮಾತ್ರ ಕಾಲು ಸೋಲುವವರೆಗೂ ಬಾಯಿ ಬಿಡುವುದಿಲ್ಲ.

ಈಗ ನನ್ನ ಬಳಿ ಒಂಬತ್ತು ಮೇಕೆ, ಹದಿಮೂರು ಕುರಿಗಳಿವೆ. ಸಾಕಲು ಶುರುಮಾಡಿ ಏಳು ವರ್ಷವಾಯಿತು. ಮೊದಲ ವರ್ಷ ಎಲ್ಲವೂ ಸಲೀಸಾಗಿ ನಡೆಯಿತು. ಎರಡನೆಯ ವರ್ಷದ ಮಳೆಗಾಲದಲ್ಲಿ ಚುಕ್ಕಿಯನ್ನು ಕಳೆದುಕೊಂಡೆ.

ಚುಕ್ಕಿ ಬಿಳಿ ಮುಖದ, ಎಡಗಿವಿಯ ಮೇಲೆ ಕಪ್ಪು ಮಚ್ಚೆಯಿದ್ದ ಕುರಿ. ಒಂದು ಸಂಜೆ ಮೇದು ಬಂದಾಗ ಅದರ ದವಡೆಯ ಕೆಳಗೆ ನೀರು ತುಂಬಿದ ಚೀಲದಂಥ ಊತ ಕಂಡಿತು. ಮುಟ್ಟಿದರೆ ಮೆತ್ತಗಿತ್ತು, ಬಿಸಿಯಿರಲಿಲ್ಲ. ಜೇನುಹುಳು ಕಚ್ಚಿರಬೇಕು ಎಂದುಕೊಂಡೆ. ಬೆಳಿಗ್ಗೆ ಊತ ಅರ್ಧ ಇಳಿದಿತ್ತು, ನನಗೂ ನಿರಾಳವಾಯಿತು. ಸಂಜೆ ಮತ್ತೆ ಬಂತು. ಭೇದಿ ಇರಲಿಲ್ಲ, ಹಿಕ್ಕೆ ಗಟ್ಟಿಯಾಗಿಯೇ ಇತ್ತು, ಮೇವನ್ನೂ ಬಿಟ್ಟಿರಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಸತ್ತಿತ್ತು.

ಪಶುವೈದ್ಯರು ಬಂದು ಹೊಟ್ಟೆ ಕೊಯ್ದು ತೋರಿಸಿದರು. ನಾಲ್ಕನೆಯ ಹೊಟ್ಟೆಯ ಗೋಡೆಗೆ ದಾರದಂಥ ಹುಳುಗಳು ಮುತ್ತಿಕೊಂಡಿದ್ದವು. ಒಂದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಎರಡು ಸೆಂಟಿಮೀಟರ್ ಇರಬಹುದು. ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಎಳೆ ಸುತ್ತಿಕೊಂಡು, ಎರಡು ಬಣ್ಣದ ನೂಲನ್ನು ಹೊಸೆದಂತೆ ಕಾಣುತ್ತಿತ್ತು. ಹೆಸರು ಹೀಮಾಂಕಸ್. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ 5,000 ಹುಳುಗಳಿದ್ದರೆ ದಿನಕ್ಕೆ ಕಾಲು ಲೀಟರ್ ಆಯಿತು. ರಕ್ತದ ಜೊತೆಗೆ ಅದರಲ್ಲಿನ ಪ್ರೋಟೀನ್ ಕೂಡ ಸೋರಿಹೋಗುವುದರಿಂದ ನೀರು ರಕ್ತನಾಳದಲ್ಲಿ ನಿಲ್ಲದೆ ಹೊರಗೆ ಜಿನುಗುತ್ತದೆ. ದಿನವಿಡೀ ತಲೆ ತಗ್ಗಿಸಿ ಮೇಯುವ ಕುರಿಗೆ ಅದು ಗಲ್ಲದ ಕೆಳಗೆ ಇಳಿದು ನಿಲ್ಲುತ್ತದೆ. ಊತ ಬೆಳಿಗ್ಗೆ ಇಳಿದು ಸಂಜೆ ಏರುತ್ತಿದ್ದುದು ಅದಕ್ಕೇ. ಜಂತುಹುಳುವಿದ್ದರೆ ಭೇದಿಯಾಗಲೇಬೇಕು ಎಂದು ನಾನು ನಂಬಿದ್ದೆ. ಈ ಹುಳು ಸಾಮಾನ್ಯವಾಗಿ ಭೇದಿ ಮಾಡಿಸುವುದಿಲ್ಲ.

ಅವತ್ತೇ ಅವರು ರೆಪ್ಪೆ ನೋಡುವುದನ್ನು ಕಲಿಸಿಕೊಟ್ಟರು. ನೆರಳಿನಲ್ಲಿ ನೋಡಬಾರದು, ಹೊರಗಿನ ಬೆಳಕಿಗೆ ತರಬೇಕು. ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮುಚ್ಚಿಸಿ ಕಣ್ಣುಗುಡ್ಡೆಯನ್ನು ಹಗುರವಾಗಿ ಒತ್ತಬೇಕು, ಇನ್ನೊಂದರಿಂದ ಕೆಳರೆಪ್ಪೆಯನ್ನು ಎಳೆಯಬೇಕು. ಒಳಪೊರೆ ತಾನಾಗಿಯೇ ಹೊರಗೆ ಉಬ್ಬುತ್ತದೆ. ಕಡುಗೆಂಪಿದ್ದರೆ ಕ್ಷೇಮ, ಕಾಗದದಂತೆ ಬೆಳ್ಳಗಿದ್ದರೆ ಆ ದಿನವೇ ಔಷಧಿ. ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಎಂಬ ಪಟ್ಟಿಯಲ್ಲಿ ಇದಕ್ಕೆ ಐದು ಬಣ್ಣಗಳಿವೆ, ಒಂದು ಎಂದರೆ ಕಡುಗೆಂಪು, ಐದು ಎಂದರೆ ಬಿಳಿ. ನಾನು ನಾಲ್ಕು, ಐದಕ್ಕೆ ಔಷಧಿ ಹಾಕುತ್ತೇನೆ. ಮರಿಗಳು ಮತ್ತು ಗಬ್ಬದ ಪ್ರಾಣಿಗಳಾದರೆ ಮೂರಕ್ಕೇ ಹಾಕುತ್ತೇನೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ತಪ್ಪದೆ ನೋಡುತ್ತೇನೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕಾಗುತ್ತದೆ.

ಇಡೀ ಹಿಂಡಿಗೆ ತಿಂಗಳು ತಿಂಗಳು ಔಷಧಿ ಕುಡಿಸುವ ಪದ್ಧತಿಯನ್ನು ನಾನು ಪೂರ್ತಿ ಬಿಟ್ಟೆ. ಹಾಗೆ ಮಾಡಿದರೆ ಔಷಧಿಗೆ ಜಗ್ಗದ ಹುಳುಗಳೇ ಉಳಿದು ಮೊಟ್ಟೆಯಿಟ್ಟು ಹೆಚ್ಚುತ್ತವೆ. ಕಣ್ಣಳತೆಯಲ್ಲಿ ಕಡಿಮೆ ಕುಡಿಸಿದರೂ ಅದೇ ಕಥೆ. ಅದಕ್ಕಾಗಿ ತೂಕದ ಯಂತ್ರ ತಂದೆ. ಮೇಕೆಯ ದೇಹ ಔಷಧಿಯನ್ನು ಕುರಿಗಿಂತ ಬೇಗ ಹೊರಹಾಕುವುದರಿಂದ ಹಲವು ಔಷಧಿಗಳಲ್ಲಿ ಕುರಿಯ ಪ್ರಮಾಣ ಮೇಕೆಗೆ ಸಾಲುವುದಿಲ್ಲ. ಈ ಲೆಕ್ಕವನ್ನು ವೈದ್ಯರನ್ನು ಕೇಳಿಯೇ ಹಾಕಬೇಕು.

ಹುಳುವಿನ ಮರಿ ಹುಲ್ಲಿನ ಬುಡದಲ್ಲಿರುತ್ತದೆ, ಇಬ್ಬನಿಯ ತೇವ ಹಿಡಿದು ಮೇಲೇರುತ್ತದೆ. ಇಬ್ಬನಿ ಆರುವವರೆಗೆ ನಾನು ಹಿಂಡನ್ನು ಹುಲ್ಲಿಗೆ ಬಿಡುವುದಿಲ್ಲ. ಅಲ್ಲಿಯವರೆಗೆ ದೊಡ್ಡಿಯಲ್ಲೇ ಒಣಮೇವು. ಹುಲ್ಲು ನಾಲ್ಕು ಬೆರಳಿಗೆ ಇಳಿದರೆ ಜಾಗ ಬದಲಿಸುತ್ತೇನೆ. ಮೇಕೆಗಳನ್ನು ಬೇಲಿ ಸಾಲಿನ ಪೊದೆಗಳ ಕಡೆಗೆ ಹೊಡೆಯುತ್ತೇನೆ. ಮುಂಗಾಲು ಕೊಂಬೆಗೆ ಊರಿ, ಕುತ್ತಿಗೆ ಚಾಚಿ ಸೊಪ್ಪು ಕೀಳುವುದೇ ಅವುಗಳಿಗೆ ಇಷ್ಟ, ಅಷ್ಟು ಎತ್ತರಕ್ಕೆ ಹುಳು ಏರುವುದಿಲ್ಲ.

ಎರಡನ್ನೂ ಒಟ್ಟಿಗೆ ಸಾಕುವಾಗ ಇನ್ನೊಂದು ಮಾತು ನೆನಪಿರಬೇಕು. ಮೇಕೆಗೆಂದು ತಂದ ಖನಿಜ ಮಿಶ್ರಣವನ್ನು ನಾನು ಎಲ್ಲಕ್ಕೂ ಒಂದೇ ತೊಟ್ಟಿಯಲ್ಲಿ ಇಡುತ್ತಿದ್ದೆ. ಮೇಕೆಗೆ ತಾಮ್ರ ಹೆಚ್ಚು ಬೇಕು, ಕುರಿಗೆ ಅದೇ ವಿಷ. ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸೇರುತ್ತ ಹೋಗಿ, ಒಂದು ದಿನ ಏಕಾಏಕಿ ರಕ್ತಕ್ಕೆ ಬಿದ್ದು ಕಾಮಾಲೆ ತರುತ್ತದೆ, ಮೂತ್ರ ಕೆಂಪಗಾಗುತ್ತದೆ. ಲಸಿಕೆ ಹಾಕಲು ಬಂದ ವೈದ್ಯರು ಚೀಲದ ಮೇಲಿನ ಚೀಟಿ ಓದಿ ಅಂದೇ ತೊಟ್ಟಿ ಬೇರೆ ಮಾಡಿಸಿದರು. ಸದ್ಯ, ಒಂದು ಕುರಿಗೂ ಏನೂ ಆಗಲಿಲ್ಲ.

ಗೊರಸಿನ ಕೆಲಸ ಆರೆಂಟು ವಾರಕ್ಕೊಮ್ಮೆ. ಮಳೆ ಬಿದ್ದು ಗೊರಸು ಮೆತ್ತಗಾದ ಮೇಲೆ ಕೂತರೆ ಕತ್ತರಿ ಸುಲಭವಾಗಿ ಆಡುತ್ತದೆ.

ಈಯುವ ದಿನಗಳಲ್ಲಿ ಮಾತ್ರ ನನಗೆ ನಿದ್ದೆ ಹತ್ತುವುದಿಲ್ಲ. ಹೋತ, ಟಗರು ಹಾರಿದ ದಿನವನ್ನು ಪುಸ್ತಕದಲ್ಲಿ ಬರೆದಿಡುತ್ತೇನೆ. ಅಲ್ಲಿಂದ ಸುಮಾರು 150 ದಿನ. ಬಾಲದ ಬುಡದ ಎರಡೂ ಬದಿಯಲ್ಲಿ ಬಿಗಿಯಾಗಿರುವ ನರದಂಥ ಹುರಿ ಸಡಿಲಾಗಿ ಬೆರಳಿಗೆ ಸಿಗದಂತಾದರೆ, ಆ ರಾತ್ರಿ ದೊಡ್ಡಿಯಲ್ಲೇ ಹಾಸಿಗೆ ಹಾಕುತ್ತೇನೆ. ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಇಟ್ಟುಕೊಂಡು ಮರಿ ಬಂದರೆ ನನ್ನ ಕೆಲಸ ಬರೀ ನೋಡುವುದು.

ಕಳೆದ ವರ್ಷ ಕೆಂಚಿ ಮೇಕೆಗೆ ಹಾಗಾಗಲಿಲ್ಲ. ಅರ್ಧ ಗಂಟೆ ತಿಣುಕಿದರೂ ಒಂದೇ ಕಾಲು ಕಾಣುತ್ತಿತ್ತು. ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದು ಕೈ ಹಾಕಿದೆ. ಮರಿಯ ತಲೆ ಸಿಕ್ಕಿತು, ಇನ್ನೊಂದು ಕಾಲು ಹಿಂದಕ್ಕೆ ಮಡಿಸಿಕೊಂಡಿತ್ತು. ತಿಣುಕುವುದು ನಿಲ್ಲುವವರೆಗೆ ಕಾದು, ತಲೆಯನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಪುಟ್ಟ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮುಂದಕ್ಕೆ ತಂದೆ. ಗೊರಸಿನ ತುದಿ ಗರ್ಭಕೋಶವನ್ನು ಗೀರಬಾರದು, ಅದಕ್ಕೇ ಅಂಗೈ. ಹೊರಗೆ ಬಂದ ಮರಿ ಉಸಿರಾಡಲಿಲ್ಲ. ಮೂಗಿನ ಲೋಳೆ ಒರೆಸಿ, ಒಣಹುಲ್ಲಿನ ಕಡ್ಡಿಯಿಂದ ಮೂಗಿನ ಹೊಳ್ಳೆಗೆ ಕಚಗುಳಿಯಿಟ್ಟು, ಗೋಣಿಯಲ್ಲಿ ಪಕ್ಕೆ ಉಜ್ಜಿದೆ. ಒಂದು ಸೀನು ಬಂತು. ಕೆಂಚಿ ತಿರುಗಿ ನೆಕ್ಕಲು ಶುರುಮಾಡಿದಾಗ ನನ್ನ ಕೈ ನಡುಗುತ್ತಿದ್ದುದು ನನಗೇ ಗೊತ್ತಾಯಿತು.

ಹೊಕ್ಕುಳ ಬಳ್ಳಿಯನ್ನು ಅಯೋಡಿನ್‌ನಲ್ಲಿ ಅದ್ದಿ, ಕೆಚ್ಚಲಿನ ತುದಿಯ ಅಂಟನ್ನು ಹಿಂಡಿ ತೆಗೆದು, ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿದೆ. ಮೊದಲ ದಿನಕ್ಕೆ ಮರಿಯ ತೂಕದ ಹತ್ತನೇ ಒಂದು ಭಾಗ ಗಿಣ್ಣು ಹೊಟ್ಟೆಗೆ ಹೋಗಬೇಕು. ಎರಡೂವರೆ ಕಿಲೋ ಮರಿಗೆ 250 ಮಿಲಿಲೀಟರ್, ನಾಲ್ಕೈದು ಸಲ ಹಂಚಿ. ಹೊತ್ತು ಕಳೆದಂತೆಲ್ಲ ಮರಿಯ ಕರುಳು ಗಿಣ್ಣಿನಲ್ಲಿರುವ ರೋಗನಿರೋಧಕಗಳನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಒಂದು ದಿನ ಕಳೆದರೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಎಷ್ಟು ದಣಿದಿದ್ದರೂ ಆ ಕೆಲಸ ಮುಗಿಸದೆ ನಾನು ಮಲಗುವುದಿಲ್ಲ.

ಆ ಮರಿಯೇ ಈಗ ಗಬ್ಬವಾಗಿದೆ. ಮೊನ್ನೆ ಭಾನುವಾರ ಅದರ ರೆಪ್ಪೆ ಎಳೆದು ನೋಡಿದವಳು ನನ್ನ ಮಗಳು. ಎರಡೋ ಮೂರೋ ಎಂದು ಬಹಳ ಹೊತ್ತು ಬಣ್ಣದ ಪಟ್ಟಿಯನ್ನು ಕಣ್ಣಿನ ಪಕ್ಕ ಹಿಡಿದು ನಿಂತಿದ್ದಳು. ಕೊನೆಗೆ ಪುಸ್ತಕದಲ್ಲಿ ಮೂರು ಎಂದೇ ಬರೆದು, ಮೇಕೆಯನ್ನು ತೂಕದ ಯಂತ್ರದ ಕಡೆಗೆ ನಡೆಸಿಕೊಂಡು ಹೋದಳು.